ಜ್ಯೂರಿ ಸಾಲಿನಿಂದ ಎಬ್ಬಿಸಿ ಕಳುಹಿಸುವುದು: ಸಮಾನ ಸಂರಕ್ಷಣೆ ಎಲ್ಲಿಯವರೆಗೆ ಬರುತ್ತದೆ?

ಪ್ರಶ್ನೆ: ನಾನು ಕರ್ನಾಟಕದವಳು. ಅಮೆರಿಕದ ದಕ್ಷಿಣ ಭಾಗದ ಒಂದು ರಾಜ್ಯದಲ್ಲಿ ಬಹಳ ವರ್ಷಗಳಿಂದ ನೆಲೆಸಿದ್ದೇನೆ. ಪೌರತ್ವ ಸಿಕ್ಕ ಮೇಲೆ ಮೊದಲ ಬಾರಿಗೆ ಜ್ಯೂರಿ ಕೆಲಸಕ್ಕೆ, ಅಂದರೆ ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡದಲ್ಲಿ ಕೂರಲು, ಕರೆ ಬಂತು. ಆರೋಪಿ ಕಪ್ಪು ಜನಾಂಗದ ಯುವಕ. ನಮ್ಮ ಗುಂಪಿನಲ್ಲಿದ್ದ ಕಪ್ಪು ಜನಾಂಗದ ಐವರಲ್ಲಿ ನಾಲ್ವರನ್ನು ಸರ್ಕಾರಿ ವಕೀಲರು ಯಾವ ಕಾರಣವನ್ನೂ ಹೇಳದೆ ತೆಗೆದುಹಾಕಿದರು. ಆರೋಪಿಯ ವಕೀಲರು ಎದ್ದು ಏನೋ ಹೇಳಿದಾಗ ನ್ಯಾಯಾಧೀಶರು ಇಬ್ಬರನ್ನೂ ಪೀಠದ ಬಳಿಗೆ ಕರೆದರು. ನಮಗೆ ಕೇಳಿಸದಂತೆ ಸ್ಪೀಕರಿನಲ್ಲಿ ಸೊಂಯ್ ಎನ್ನುವ ಸದ್ದು ಹಾಕಿ ಪಿಸುಮಾತಿನಲ್ಲಿ ಮಾತಾಡಿದರು. ಆಮೇಲೂ ಆ ನಾಲ್ವರು ಮರಳಿ ಬರಲಿಲ್ಲ. ನನ್ನ ಮಾತೃಭಾಷೆ ಯಾವುದೆಂದು ಕೇಳಿ ನನ್ನನ್ನೂ ಕಳುಹಿಸಿದರು. ಇದು ಕಾನೂನುಬದ್ಧವೇ? ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಎಂದು ಸಂವಿಧಾನ ಹೇಳುವುದು ನಮ್ಮಂಥ ಜ್ಯೂರಿ ಅಭ್ಯರ್ಥಿಗಳಿಗೆ ಅನ್ವಯಿಸುವುದಿಲ್ಲವೇ? ಮತ್ತೆ ಕರೆ ಬಂದರೆ ನಾನು ಏನು ಮಾಡಬೇಕು?

ಉತ್ತರ: ಕಾರಣ ಹೇಳದೆ ತೆಗೆದುಹಾಕುವುದು ಕಾನೂನುಬದ್ಧ, ಜನಾಂಗವನ್ನು ನೋಡಿ ತೆಗೆದುಹಾಕುವುದು ಸಂವಿಧಾನಬಾಹಿರ. ನೀವು ಕಂಡದ್ದು ಇವೆರಡರಲ್ಲಿ ಯಾವುದು ಎಂಬುದು ನಿಮಗೆ ಕೇಳಿಸದೆ ಹೋದ ಆ ಪಿಸುಮಾತಿನಲ್ಲಿ ತೀರ್ಮಾನವಾಗಿದೆ. ಅಲ್ಲಿ ಏನು ನಡೆದಿರಬಹುದು, ಮತ್ತು ಅದಕ್ಕೆ ಅಂಥ ಒಂದು ಕ್ರಮ ಏಕೆ ಬಂತು ಎಂಬುದನ್ನು ವಿವರಿಸಿದರೆ ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ.

ಕರೆ ಬಂದವರಲ್ಲಿ ಯಾರು ಜ್ಯೂರಿಯಲ್ಲಿ ಕೂರಬೇಕೆಂದು ನಿರ್ಧರಿಸುವಾಗ ವಕೀಲರಿಗೆ ಎರಡು ದಾರಿಗಳಿವೆ. ಮೊದಲನೆಯದು ಕಾರಣ ಕೊಟ್ಟು ಆಕ್ಷೇಪಿಸುವುದು. ಅಭ್ಯರ್ಥಿ ಆರೋಪಿಯ ನೆಂಟ, ಅಥವಾ ಪ್ರಕರಣದ ಬಗ್ಗೆ ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಾನೆ ಎಂದು ತೋರಿಸಿದರೆ ನ್ಯಾಯಾಧೀಶರು ಅವನನ್ನು ಕೈಬಿಡುತ್ತಾರೆ, ಇದಕ್ಕೆ ಸಂಖ್ಯೆಯ ಮಿತಿಯಿಲ್ಲ. ಎರಡನೆಯದಕ್ಕೆ ಅಲ್ಲಿ ಪೆರೆಂಪ್ಟರಿ ಚಾಲೆಂಜ್ ಎನ್ನುತ್ತಾರೆ. ವಕೀಲರ ಬಾಯಲ್ಲಿ ಅದು ಬರೀ ಸ್ಟ್ರೈಕ್. ಇದರಲ್ಲಿ ಕಾರಣ ಹೇಳಬೇಕಾಗಿಲ್ಲ, ಎಣಿಕೆಗೆ ಮಾತ್ರ ಮಿತಿಯಿದೆ. ಫೆಡರಲ್ (ಕೇಂದ್ರ ಸರ್ಕಾರದ) ನ್ಯಾಯಾಲಯಗಳಲ್ಲಿ ಮರಣದಂಡನೆ ಕೋರುವ ಪ್ರಕರಣವಾದರೆ ಎರಡೂ ಕಡೆಗೆ ತಲಾ 20, ಇತರ ಗಂಭೀರ ಅಪರಾಧಗಳಲ್ಲಿ ಸರ್ಕಾರಕ್ಕೆ 6 ಮತ್ತು ಆರೋಪಿಗೆ 10. ರಾಜ್ಯಗಳಲ್ಲಿ ಈ ಲೆಕ್ಕ ಬೇರೆ ಬೇರೆ. ಇಂಗ್ಲೆಂಡಿನಿಂದ ಬಂದ ಈ ಪದ್ಧತಿಯ ಹಿಂದಿನ ಯೋಚನೆ ಸರಳವಾದದ್ದು: ನನ್ನ ಜೀವ ಯಾರ ಕೈಯಲ್ಲಿದೆಯೋ ಅವರ ಮುಖ ಕಂಡು ನನಗೆ ಅಂಜಿಕೆಯಾದರೆ, ಆ ಅಂಜಿಕೆಗೆ ಪುರಾವೆ ಕೇಳದೆ ಅವರನ್ನು ಬದಲಿಸಲು ಒಂದಿಷ್ಟು ಅವಕಾಶವಿರಲಿ. ಆರೋಪಿಯ ದೃಷ್ಟಿಯಿಂದ ಇದರಲ್ಲಿ ಅರ್ಥವಿದೆ. ಆದರೆ ಸರ್ಕಾರದ ಕೈಗೆ ಕಾರಣ ಹೇಳಬೇಕಿಲ್ಲದ ಅಧಿಕಾರವೊಂದು ಸಿಕ್ಕಿದಾಗ ಅದು ಯಾರ ಮೇಲೆ ಹೆಚ್ಚಾಗಿ ಬಿತ್ತು ಎಂಬುದನ್ನು ಆ ದೇಶದ ಚರಿತ್ರೆ ಸ್ಪಷ್ಟವಾಗಿ ದಾಖಲಿಸಿದೆ.

ಆ ಚರಿತ್ರೆ ಶುರುವಾಗುವುದು ಅಂತರ್ಯುದ್ಧ ಮುಗಿದು, ಗುಲಾಮಗಿರಿ ರದ್ದಾಗಿ, 1868ರಲ್ಲಿ ಅಮೆರಿಕದ ಸಂವಿಧಾನಕ್ಕೆ 14ನೇ ತಿದ್ದುಪಡಿ ಸೇರಿದಾಗ. ಯಾವ ರಾಜ್ಯವೂ ತನ್ನ ವ್ಯಾಪ್ತಿಯಲ್ಲಿರುವ ಯಾವ ವ್ಯಕ್ತಿಗೂ ಕಾನೂನುಗಳ ಸಮಾನ ಸಂರಕ್ಷಣೆಯನ್ನು ನಿರಾಕರಿಸಕೂಡದು ಎಂಬುದು ಅದರ ಒಂದು ವಾಕ್ಯ. ಭಾರತದ ಸಂವಿಧಾನದ 14ನೇ ವಿಧಿಯಲ್ಲಿ ಕಾನೂನಿನ ಮುಂದೆ ಸಮಾನತೆ ಎಂಬುದರ ಜೊತೆಗೆ ಬರುವ ‘ಕಾನೂನುಗಳ ಸಮಾನ ಸಂರಕ್ಷಣೆ’ ಎಂಬ ಮಾತು ಅಲ್ಲಿಂದಲೇ ಬಂದದ್ದು. ಎರಡೂ ಕಡೆ ಸಂಖ್ಯೆ 14 ಆಗಿರುವುದು ಕಾಕತಾಳೀಯ, ಮಾತಿನ ಸಂಬಂಧ ಮಾತ್ರ ನಿಜವಾದದ್ದು.

ಈ ವಾಕ್ಯ ಜ್ಯೂರಿಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ 12 ವರ್ಷಗಳಲ್ಲಿಯೇ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ವೆಸ್ಟ್ ವರ್ಜೀನಿಯಾ ರಾಜ್ಯದ ಕಾನೂನು, 21 ವರ್ಷ ತುಂಬಿದ ಬಿಳಿಯ ಗಂಡಸರು ಮಾತ್ರ ಜ್ಯೂರಿಗೆ ಅರ್ಹರು ಎಂದು ಬಾಯಿಬಿಟ್ಟೇ ಹೇಳುತ್ತಿತ್ತು. ಅಲ್ಲಿ ಕೊಲೆ ಆರೋಪಕ್ಕೆ ಗುರಿಯಾದ ಟೇಲರ್ ಸ್ಟ್ರೌಡರ್ ಒಬ್ಬ ಬಡಗಿ, ಹಿಂದೆ ಗುಲಾಮನಾಗಿದ್ದವನು. ತನ್ನ ಜನಾಂಗದ ಒಬ್ಬನೂ ಕೂರಲಾಗದ ಜ್ಯೂರಿಯ ಮುಂದೆ ತನ್ನ ವಿಚಾರಣೆ ನಡೆಯುವುದು ಸಮಾನ ಸಂರಕ್ಷಣೆಯಲ್ಲ ಎಂದು ಅವನು ವಾದಿಸಿದ. 1880ರಲ್ಲಿ ನ್ಯಾಯಾಲಯ ಒಪ್ಪಿತು. ಹೀಗೆ ಹೊರಗಿಡುವುದು ಆ ಜನರ ಹಣೆಯ ಮೇಲೆ ಕಾನೂನೇ ಕೀಳುತನದ ಮುದ್ರೆ ಒತ್ತಿದಂತೆ ಎಂಬುದು ಆ ತೀರ್ಪಿನ ತಿರುಳು.

ಕಾನೂನಿನ ಪುಸ್ತಕದಿಂದ ‘ಬಿಳಿಯ’ ಎಂಬ ಪದ ಹೋಯಿತು, ಆದರೆ ಜ್ಯೂರಿಯ ಸಾಲು ಬಿಳಿಯಾಗಿಯೇ ಉಳಿಯಿತು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಜಾಣತನ ಮುಂದಿನ ಎಪ್ಪತ್ತು ಎಂಬತ್ತು ವರ್ಷ ದಕ್ಷಿಣದ ಕೋರ್ಟು ಕಚೇರಿಗಳಲ್ಲಿ ನಡೆಯಿತು. ಅಲಬಾಮಾದ ಸ್ಕಾಟ್ಸ್‌ಬರೋ ಪ್ರಕರಣದಲ್ಲಿ ಕಪ್ಪು ಜನಾಂಗದ ಹುಡುಗರಿಗೆ ಮರಣದಂಡನೆ ವಿಧಿಸಿದ ಮೇಲೆ, ಅಲ್ಲಿನ ಜ್ಯೂರಿ ಪಟ್ಟಿಯಲ್ಲಿ ಕಪ್ಪು ಜನರ ಹೆಸರೇ ಇಲ್ಲ ಎಂಬ ಆಕ್ಷೇಪ ಬಂತು. ಅಧಿಕಾರಿಗಳು ಹೆಸರುಗಳಿವೆ ಎಂದು ಪುಸ್ತಕ ತಂದು ತೋರಿಸಿದರು. ಆ ಹೆಸರುಗಳನ್ನು ಆಮೇಲೆ ಸಂದಿಯಲ್ಲಿ ತುರುಕಿ ಬರೆದದ್ದು ಎಂದು ಕೈಬರಹ ತಜ್ಞರು ಸಾಕ್ಷಿ ನುಡಿದರು. 1935ರಲ್ಲಿ ಆ ದಪ್ಪ ಪುಸ್ತಕವನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ಭೂತಗನ್ನಡಿ ಹಿಡಿದು ನೋಡಿದರು, ಶಿಕ್ಷೆ ರದ್ದಾಯಿತು. ಜಾರ್ಜಿಯಾ ರಾಜ್ಯದ ಫುಲ್ಟನ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಇನ್ನೊಂದು ಉಪಾಯವಿತ್ತು. ಬಿಳಿಯರ ಹೆಸರನ್ನು ಬಿಳಿ ಚೀಟಿಯ ಮೇಲೂ ಕಪ್ಪು ಜನರ ಹೆಸರನ್ನು ಹಳದಿ ಚೀಟಿಯ ಮೇಲೂ ಬರೆದು ಒಂದೇ ಪೆಟ್ಟಿಗೆಗೆ ಹಾಕುತ್ತಿದ್ದರು. ನ್ಯಾಯಾಧೀಶರು ಚೀಟಿ ಎತ್ತುತ್ತಿದ್ದರು. ಏವರಿ ಎಂಬಾತನ ಪ್ರಕರಣದಲ್ಲಿ ಹೀಗೆ ಬಂದ ಸುಮಾರು 60 ಮಂದಿಯಲ್ಲಿ ಕಪ್ಪು ಜನಾಂಗದವರು ಒಬ್ಬರೂ ಇರಲಿಲ್ಲ. 1953ರಲ್ಲಿ ಅದೂ ರದ್ದಾಯಿತು. ಬಣ್ಣ ಕಾಣುವಂತೆ ಚೀಟಿ ಮಾಡಿದವರು ತಾವು ಬಣ್ಣ ನೋಡಲಿಲ್ಲ ಎಂದು ಹೇಳಿದರೆ ಅದನ್ನು ನಂಬುವ ಹೊಣೆ ನ್ಯಾಯಾಲಯಕ್ಕಿಲ್ಲ.

ನಿಮ್ಮ ದೃಷ್ಟಿಯಿಂದ ಮುಖ್ಯವಾದ ಇನ್ನೊಂದು ತೀರ್ಪು 1954ರದ್ದು. ಟೆಕ್ಸಸ್‌ನ ಜಾಕ್ಸನ್ ಕೌಂಟಿಯಲ್ಲಿ 25 ವರ್ಷಗಳಿಂದ ಮೆಕ್ಸಿಕನ್ ಹೆಸರಿನ ಒಬ್ಬರೂ ಜ್ಯೂರಿಯಲ್ಲಿ ಕೂತಿರಲಿಲ್ಲ. ಮೆಕ್ಸಿಕನ್ ಮೂಲದವರು ಕಾನೂನಿನ ಲೆಕ್ಕದಲ್ಲಿ ಬಿಳಿಯರೇ, ಆದ್ದರಿಂದ ಭೇದಭಾವದ ಪ್ರಶ್ನೆಯೇ ಇಲ್ಲ ಎಂದು ರಾಜ್ಯ ವಾದಿಸಿತು. ಅದೇ ನ್ಯಾಯಾಲಯದ ಕಟ್ಟಡದಲ್ಲಿ ಗಂಡಸರಿಗೆ ಎರಡು ಶೌಚಾಲಯಗಳಿದ್ದವು. ಒಂದರ ಮೇಲೆ ಏನೂ ಬರೆದಿರಲಿಲ್ಲ, ಇನ್ನೊಂದರ ಮೇಲೆ ಕಪ್ಪು ಜನರಿಗೆ ಎಂಬ ಇಂಗ್ಲಿಷ್ ಬರಹದ ಜೊತೆ ‘ಗಂಡಸರು ಇಲ್ಲಿ’ ಎಂಬ ಅರ್ಥದ ಸ್ಪ್ಯಾನಿಷ್ ಬರಹವೂ ಇತ್ತು. ರಾಜ್ಯದ ವಾದಕ್ಕೆ ಆ ಬಾಗಿಲೇ ಉತ್ತರವಾಯಿತು. ಸಮಾನ ಸಂರಕ್ಷಣೆ ಕಪ್ಪು ಮತ್ತು ಬಿಳಿ ಎಂಬ ಎರಡೇ ವರ್ಗಗಳಿಗೆ ಸೀಮಿತವಲ್ಲ, ಸಮಾಜ ಬೇರೆಯಾಗಿ ಕಾಣುವ ಯಾವ ಸಮುದಾಯಕ್ಕೂ ಅದು ಅನ್ವಯಿಸುತ್ತದೆ ಎಂದು ನ್ಯಾಯಾಲಯ ಹೇಳಿತು. ಭಾರತೀಯ ಮೂಲದ ನೀವೂ ಅದೇ ಮಾತಿನ ನೆರಳಿನಲ್ಲಿದ್ದೀರಿ.

ಇಷ್ಟರವರೆಗಿನ ಹೋರಾಟ ಪಟ್ಟಿಯದು, ಯಾರ ಹೆಸರು ಪೆಟ್ಟಿಗೆಗೆ ಬೀಳುತ್ತದೆ ಎಂಬುದರದು. ಪಟ್ಟಿ ಸರಿಹೋದಂತೆ ಭೇದಭಾವ ಸ್ಟ್ರೈಕ್ ಎಂಬ ಕಡೆಯ ಬಾಗಿಲಿಗೆ ಬಂತು. ಕಪ್ಪು ಜನರು ನ್ಯಾಯಾಲಯದ ಕೋಣೆಯವರೆಗೆ ಬರುತ್ತಿದ್ದರು, ಅಲ್ಲಿಂದ ಎದ್ದುಹೋಗುತ್ತಿದ್ದರು. 1965ರ ಸ್ವೇನ್ ಪ್ರಕರಣದಲ್ಲಿ ಅಲಬಾಮಾದ ಟಾಲಡೀಗ ಕೌಂಟಿಯ ಸರ್ಕಾರಿ ವಕೀಲರು ಉಳಿದಿದ್ದ ಕಪ್ಪು ಜನಾಂಗದ ಆರು ಮಂದಿಯನ್ನೂ ಸ್ಟ್ರೈಕ್ ಮಾಡಿದ್ದರು. ಸುಪ್ರೀಂ ಕೋರ್ಟ್ ಅಂದು ಒಡ್ಡಿದ ಷರತ್ತು ದಾಟಲಾರದ್ದು: ಈ ವಕೀಲರು ಪ್ರಕರಣದ ಮೇಲೆ ಪ್ರಕರಣದಲ್ಲಿ ಹೀಗೆಯೇ ಮಾಡುತ್ತ ಬಂದಿದ್ದಾರೆಂದು ಆರೋಪಿಯೇ ಸಾಬೀತುಪಡಿಸಬೇಕು. ಯಾರು ಯಾರನ್ನು ತೆಗೆದರೆಂದು ಬಹುತೇಕ ಕಡೆ ಬರೆದಿಡುತ್ತಲೇ ಇರಲಿಲ್ಲ. ಜೈಲಿನಲ್ಲಿ ಕೂತ ಬಡವನೊಬ್ಬ ಆ ಲೆಕ್ಕವನ್ನು ಎಲ್ಲಿಂದ ತರಬೇಕು? ಮುಂದಿನ ಎರಡು ದಶಕ ಆ ಷರತ್ತೇ ನಡೆಯಿತು.

ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ಜೇಮ್ಸ್ ಬ್ಯಾಟ್ಸನ್ ಎಂಬ ಕಪ್ಪು ಜನಾಂಗದ ವ್ಯಕ್ತಿಯ ಮೇಲೆ ಮನೆಗಳ್ಳತನದ ಮತ್ತು ಕದ್ದ ಮಾಲು ಇಟ್ಟುಕೊಂಡ ಆರೋಪವಿತ್ತು. ಸರ್ಕಾರಿ ವಕೀಲರಿಗೆ 6 ಸ್ಟ್ರೈಕ್‌ಗಳಿದ್ದವು. ಅವುಗಳಲ್ಲಿ ನಾಲ್ಕನ್ನು ಗುಂಪಿನಲ್ಲಿದ್ದ ಕಪ್ಪು ಜನಾಂಗದ ನಾಲ್ವರ ಮೇಲೆಯೇ ಬಳಸಿದರು, ಪೂರ್ತಿ ಬಿಳಿಯರ ಜ್ಯೂರಿ ಕೂತಿತು. ಪ್ರಮಾಣವಚನಕ್ಕೆ ಮೊದಲೇ ಆರೋಪಿಯ ವಕೀಲರು ಆಕ್ಷೇಪಿಸಿದಾಗ, ಬೇಕಾದವರನ್ನು ತೆಗೆಯುವ ಹಕ್ಕು ಎರಡೂ ಕಡೆಗೆ ಇದೆಯಲ್ಲ ಎಂದು ನ್ಯಾಯಾಧೀಶರು ತಳ್ಳಿಹಾಕಿದರು. 1986ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಸ್ವೇನ್ ತೀರ್ಪಿನ ಷರತ್ತನ್ನು ಕಿತ್ತುಹಾಕಿತು. ಊರೆಲ್ಲ ಲೆಕ್ಕ ತರಬೇಕಿಲ್ಲ, ಈ ಒಂದೇ ಪ್ರಕರಣದಲ್ಲಿ ಏನು ನಡೆಯಿತು ಎಂಬುದು ಸಾಕು ಎಂದಿತು.

ನಿಮಗೆ ಕೇಳಿಸದ ಪಿಸುಮಾತು ಹೆಚ್ಚುಕಡಿಮೆ ಖಚಿತವಾಗಿ ಈ ತೀರ್ಪಿನದೇ. ವಕೀಲರು ಅದನ್ನು ಬ್ಯಾಟ್ಸನ್ ಆಕ್ಷೇಪ ಎಂದೇ ಕರೆಯುತ್ತಾರೆ. ಅದಕ್ಕೆ ಮೂರು ಹಂತಗಳು. ಆರೋಪಿಯ ವಕೀಲರು ಮೊದಲು ಅನುಮಾನಕ್ಕೆ ಎಡೆಯಿದೆ ಎಂದು ತೋರಿಸಬೇಕು. ಐವರಲ್ಲಿ ನಾಲ್ವರು ಹೋದರು ಎಂಬಂಥ ಸಂಗತಿ ಅದಕ್ಕೆ ಒದಗುತ್ತದೆ. ಆಗ ಸರ್ಕಾರಿ ವಕೀಲರು ಪ್ರತಿಯೊಬ್ಬರನ್ನೂ ತೆಗೆದದ್ದಕ್ಕೆ ಜನಾಂಗಕ್ಕೆ ಸಂಬಂಧಿಸದ ಕಾರಣ ಕೊಡಬೇಕು. ಕೊನೆಗೆ, ಆ ಕಾರಣ ನಿಜವೋ ಅಥವಾ ಭೇದಭಾವವನ್ನು ಮುಚ್ಚುವ ನೆಪವೋ ಎಂದು ನ್ಯಾಯಾಧೀಶರು ನಿರ್ಧರಿಸಬೇಕು. ನಿಮ್ಮ ಪ್ರಕರಣದಲ್ಲಿ ಆ ನಾಲ್ವರು ಮರಳಿ ಬರಲಿಲ್ಲ ಎಂದರೆ, ಕೊಟ್ಟ ಕಾರಣಗಳನ್ನು ನ್ಯಾಯಾಧೀಶರು ಒಪ್ಪಿದರು ಎಂದೇ ಊಹಿಸಬೇಕು. ಆ ಒಪ್ಪಿಗೆ ಸರಿಯೇ ಎಂಬುದನ್ನು ಮೇಲ್ಮನವಿಯಲ್ಲಿ ಮತ್ತೆ ಕೇಳಬಹುದು.

ಕಾಗದದ ಮೇಲೆ ಇದು ಸರಿಯಾಗಿದೆ. ಕಷ್ಟವಿರುವುದು ಎರಡನೆಯ ಹಂತದಲ್ಲಿ. 1995ರ ಪರ್ಕೆಟ್ ಪ್ರಕರಣದಲ್ಲಿ ಸರ್ಕಾರಿ ವಕೀಲರು ಒಬ್ಬರನ್ನು ತೆಗೆದದ್ದಕ್ಕೆ ಕೊಟ್ಟ ಕಾರಣ ಉದ್ದ ಕೂದಲು, ಮೀಸೆ ಮತ್ತು ಗಡ್ಡ. ಕಾರಣ ಮನವೊಪ್ಪುವಂತಿರಬೇಕಿಲ್ಲ, ಜನಾಂಗದ ಮಾತು ಅದರಲ್ಲಿ ಇಲ್ಲದಿದ್ದರೆ ಎರಡನೆಯ ಹಂತ ದಾಟಿದಂತೆ ಎಂದು ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ಮೂರನೆಯ ಹಂತದಲ್ಲಿ ಅದನ್ನು ಸುಳ್ಳೆಂದು ತಳ್ಳಿಹಾಕಬಹುದು ನಿಜ. ಆದರೆ ಹಾಗೆ ತಳ್ಳಿಹಾಕಲು, ದಿನನಿತ್ಯ ತಮ್ಮ ಮುಂದೆ ವಾದಿಸುವ ವಕೀಲರನ್ನು ನ್ಯಾಯಾಧೀಶರು ಭೇದಭಾವ ಮಾಡಿದವರು, ಅದರ ಮೇಲೆ ಸುಳ್ಳು ಹೇಳಿದವರು ಎಂದು ದಾಖಲೆಯಲ್ಲಿ ಬರೆಸಬೇಕು. ಎಷ್ಟು ಮಂದಿ ಬರೆಸಿಯಾರು?

ಅಂಥ ನೆಪದ ಒಳಗು ಹೇಗಿರುತ್ತದೆ ಎಂಬುದು ಒಂದು ಪ್ರಕರಣದಲ್ಲಿ ಅಕ್ಷರಶಃ ಕಾಗದದ ಮೇಲೆ ಸಿಕ್ಕಿತು. ಜಾರ್ಜಿಯಾದ ರೋಮ್ ಎಂಬ ಊರಿನಲ್ಲಿ ವಯಸ್ಸಾದ ನಿವೃತ್ತ ಶಿಕ್ಷಕಿಯೊಬ್ಬರ ಕೊಲೆಗಾಗಿ ಟಿಮತಿ ಫಾಸ್ಟರ್ ಎಂಬ ಕಪ್ಪು ಜನಾಂಗದ ಯುವಕನಿಗೆ 1987ರಲ್ಲಿ ಪೂರ್ತಿ ಬಿಳಿಯರ ಜ್ಯೂರಿ ಮರಣದಂಡನೆ ವಿಧಿಸಿತು. ಅರ್ಹರಾಗಿ ಉಳಿದಿದ್ದ ಕಪ್ಪು ಜನಾಂಗದ ನಾಲ್ವರನ್ನೂ ಸ್ಟ್ರೈಕ್ ಮಾಡಲಾಗಿತ್ತು, ಪ್ರತಿಯೊಬ್ಬರಿಗೂ ಉದ್ದುದ್ದ ಕಾರಣಗಳಿದ್ದವು, ಎಲ್ಲವೂ ಒಪ್ಪಿಗೆಯಾಗಿದ್ದವು. ಸುಮಾರು ಎರಡು ದಶಕಗಳ ನಂತರ, ಸಾರ್ವಜನಿಕ ದಾಖಲೆ ಪಡೆಯುವ ರಾಜ್ಯದ ಕಾನೂನಿನಡಿ (ನಮ್ಮ ಮಾಹಿತಿ ಹಕ್ಕಿನಂಥದ್ದು) ಅರ್ಜಿ ಹಾಕಿದಾಗ ಸರ್ಕಾರಿ ವಕೀಲರ ಕಡತವೇ ಹೊರಬಂತು. ಅಭ್ಯರ್ಥಿಗಳ ಪಟ್ಟಿಯಲ್ಲಿ ಕಪ್ಪು ಜನರ ಹೆಸರುಗಳ ಮೇಲೆಲ್ಲ ಹಸಿರು ಶಾಯಿ ಎಳೆದಿತ್ತು, ಮೂಲೆಯಲ್ಲಿ ಹಸಿರೆಂದರೆ ಕಪ್ಪು ಜನರು ಎಂಬ ಸೂಚನೆಯಿತ್ತು. ಕೆಲವರ ಪಕ್ಕದಲ್ಲಿ ಇಂಗ್ಲಿಷಿನ ‘ಬಿ’ ಅಕ್ಷರ (ಬ್ಲ್ಯಾಕ್ ಎಂಬುದರ ಮೊದಲಕ್ಷರ) ಹಾಕಿ ಒಂದು, ಎರಡು, ಮೂರು ಎಂದು ಎಣಿಸಿದ್ದರು. ಖಂಡಿತ ಬೇಡ ಎಂಬ ತಲೆಬರಹದ ಕೆಳಗೆ ಆರು ಹೆಸರುಗಳು, ಅವುಗಳಲ್ಲಿ ಮೊದಲ ಐದು ಕಪ್ಪು ಜನರವು.

ಕೊಟ್ಟ ಕಾರಣಗಳನ್ನು ಆ ಕಡತದ ಪಕ್ಕದಲ್ಲಿಟ್ಟು ನೋಡಿದಾಗ ಒಂದೊಂದಾಗಿ ಕುಸಿದವು. 34 ವರ್ಷದ ಕಪ್ಪು ಮಹಿಳೆಯೊಬ್ಬರನ್ನು ತೆಗೆದದ್ದಕ್ಕೆ, ಅವರ ವಯಸ್ಸು ಆರೋಪಿಯ ವಯಸ್ಸಿಗೆ ತೀರ ಹತ್ತಿರ ಎಂಬುದೊಂದು ಕಾರಣವಾಗಿತ್ತು. ಆರೋಪಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಅದೇ ವಕೀಲರು 36ಕ್ಕಿಂತ ಚಿಕ್ಕ ವಯಸ್ಸಿನ ಎಂಟು ಮಂದಿ ಬಿಳಿಯರನ್ನು ಸ್ಟ್ರೈಕ್ ಮಾಡದೆ ಬಿಟ್ಟಿದ್ದರು, ಅವರಲ್ಲೊಬ್ಬನ ವಯಸ್ಸು 21. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದು ನಾವು ಹೇಳುವುದನ್ನು ಕಾನೂನಿನ ಪರೀಕ್ಷೆಯಾಗಿ ಮಾಡಿದರೆ ಹೀಗಿರುತ್ತದೆ. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ 7-1ರಿಂದ ಫಾಸ್ಟರ್ ಪರ ತೀರ್ಪು ನೀಡಿತು. ಆತ ನಿರಪರಾಧಿ ಎಂದು ಅದರ ಅರ್ಥವಲ್ಲ. ಅಪರಾಧ ಎಷ್ಟೇ ಕ್ರೂರವಾಗಿರಲಿ, ವಿಚಾರಣೆಯ ಪೀಠವನ್ನು ಬಣ್ಣ ನೋಡಿ ಕಟ್ಟಲಾಗದು ಎಂಬುದಷ್ಟೇ ಪ್ರಶ್ನೆ. ನನ್ನನ್ನು ಇಂದಿಗೂ ಕಾಡುವುದು, ಆ ಹಸಿರು ಶಾಯಿಯ ಹಾಳೆ ಸಿಗದೆ ಹೋಗಿದ್ದರೆ ಆ ಕಾರಣಗಳೆಲ್ಲ ಸತ್ಯವಾಗಿಯೇ ಉಳಿಯುತ್ತಿದ್ದವಲ್ಲ ಎಂಬ ಸಂಗತಿ.

ಮಿಸಿಸಿಪ್ಪಿಯ ಕರ್ಟಿಸ್ ಫ್ಲವರ್ಸ್ ಪ್ರಕರಣದಲ್ಲಿ ಅಂಥ ಹಾಳೆ ಸಿಗಲಿಲ್ಲ, ಲೆಕ್ಕವೇ ಮಾತಾಡಿತು. ವಿನೋನಾ ಎಂಬ ಸಣ್ಣ ಊರಿನ ಪೀಠೋಪಕರಣದ ಅಂಗಡಿಯಲ್ಲಿ 1996ರ ಜುಲೈನಲ್ಲಿ ನಾಲ್ವರ ಕೊಲೆಯಾಯಿತು. ಅದಕ್ಕಾಗಿ ಫ್ಲವರ್ಸ್‌ನನ್ನು ಒಬ್ಬರೇ ಸರ್ಕಾರಿ ವಕೀಲರು ಆರು ಸಲ ವಿಚಾರಣೆಗೆ ನಿಲ್ಲಿಸಿದರು. ಮೊದಲ ಮೂರು ಶಿಕ್ಷೆಗಳನ್ನು ರಾಜ್ಯದ ಸುಪ್ರೀಂ ಕೋರ್ಟೇ ರದ್ದುಮಾಡಿತು, ನಾಲ್ಕು ಮತ್ತು ಐದನೆಯ ಬಾರಿ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ, ಆರನೆಯ ಬಾರಿ 2010ರಲ್ಲಿ ಮರಣದಂಡನೆ. ಲೆಕ್ಕ ಸಿಗುವ ವಿಚಾರಣೆಗಳನ್ನು ಒಟ್ಟು ಸೇರಿಸಿ ನೋಡಿದರೆ, ಸ್ಟ್ರೈಕ್ ಮಾಡಲು ಅವಕಾಶವಿದ್ದ ಕಪ್ಪು ಜನಾಂಗದ 42 ಅಭ್ಯರ್ಥಿಗಳಲ್ಲಿ 41 ಮಂದಿಯನ್ನು ತೆಗೆದುಹಾಕಲು ಸರ್ಕಾರ ಮುಂದಾಗಿತ್ತು. ಆರನೆಯ ವಿಚಾರಣೆಯಲ್ಲಿ, ತೆಗೆದುಹಾಕಿದ ಐವರು ಕಪ್ಪು ಅಭ್ಯರ್ಥಿಗಳಿಗೆ ಒಟ್ಟು 145 ಪ್ರಶ್ನೆಗಳು, ಜ್ಯೂರಿಯಲ್ಲಿ ಕೂತ 11 ಮಂದಿ ಬಿಳಿಯರಿಗೆ ಒಟ್ಟು 12. ಕೆದಕಿ ಕೆದಕಿ ಕೇಳಿದರೆ ಯಾರ ಬದುಕಿನಲ್ಲಿಯೂ ಒಂದು ನೆಪ ಸಿಗುತ್ತದೆ. ಕೇಳದೆ ಬಿಟ್ಟವರ ಬದುಕಿನಲ್ಲಿ ಅದು ಕಾಣುವುದಿಲ್ಲ ಅಷ್ಟೆ. 2019ರ ಜೂನ್ 21ರಂದು ಸುಪ್ರೀಂ ಕೋರ್ಟ್ 7-2ರಿಂದ ಆ ಶಿಕ್ಷೆಯನ್ನು ರದ್ದುಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾಮೀನು ಸಿಕ್ಕಿತು, 2020ರ ಸೆಪ್ಟೆಂಬರಿನಲ್ಲಿ ಆರೋಪಗಳನ್ನೇ ಕೈಬಿಡಲಾಯಿತು. ಅಷ್ಟರಲ್ಲಿ ಫ್ಲವರ್ಸ್ ಜೈಲಿನಲ್ಲಿ ಕಳೆದದ್ದು ಸುಮಾರು 23 ವರ್ಷ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಇದು ಆರೋಪಿಯ ಹಕ್ಕು ಮಾತ್ರವೇ, ಎಬ್ಬಿಸಿ ಕಳುಹಿಸಿಕೊಂಡವರ ಹಕ್ಕೂ ಹೌದೇ? ಹೌದು, ನಿಮ್ಮದೂ ಹೌದು. 1991ರ ಪವರ್ಸ್ ಪ್ರಕರಣದಲ್ಲಿ ಆರೋಪಿ ಬಿಳಿಯ, ತೆಗೆದುಹಾಕಲಾದವರು ಕಪ್ಪು ಜನಾಂಗದವರು. ಅವರು ಹೋದರೆ ನಿನಗೇನು ನಷ್ಟ ಎಂದು ರಾಜ್ಯ ಕೇಳಿತು. ಮತದಾನವನ್ನು ಬಿಟ್ಟರೆ ಬಹುಪಾಲು ನಾಗರಿಕರು ಆಡಳಿತದಲ್ಲಿ ಭಾಗಿಯಾಗುವ ಅತಿ ದೊಡ್ಡ ಅವಕಾಶ ಜ್ಯೂರಿ ಸೇವೆ; ಜನಾಂಗದ ಕಾರಣಕ್ಕೆ ಅದನ್ನು ಕಸಿದುಕೊಂಡರೆ ಸಮಾನ ಸಂರಕ್ಷಣೆ ತಪ್ಪುವುದು ಆ ಅಭ್ಯರ್ಥಿಗೇ; ಅವರ ಪರವಾಗಿ ಆರೋಪಿ ಆ ಪ್ರಶ್ನೆ ಎತ್ತಬಹುದು ಎಂದು ನ್ಯಾಯಾಲಯ ಹೇಳಿತು. ಅದೇ ವರ್ಷ ಸಿವಿಲ್ ದಾವೆಗಳಿಗೂ, 1992ರಲ್ಲಿ ಆರೋಪಿಯ ಕಡೆಯ ವಕೀಲರಿಗೂ, 1994ರಲ್ಲಿ ಗಂಡು ಹೆಣ್ಣೆಂಬ ಭೇದಕ್ಕೂ ಇದೇ ನಿಯಮ ವಿಸ್ತರಿಸಿತು. ಹೊರಗಿಟ್ಟವರು ತಾವೇ ದಾವೆ ಹೂಡಬಹುದೆಂದು 1970ರಲ್ಲಿ ಅಲಬಾಮಾದ ಗ್ರೀನ್ ಕೌಂಟಿಯ ಜ್ಯೂರಿ ಪಟ್ಟಿಯ ಪ್ರಕರಣದಲ್ಲಿಯೇ ತೀರ್ಮಾನವಾಗಿದೆ. ಆದರೆ ಒಂದು ಸ್ಟ್ರೈಕ್‌ಗಾಗಿ ಒಬ್ಬ ಅಭ್ಯರ್ಥಿ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಬಹಳ ಅಪರೂಪ; ಒಂದು ದಿನದ ಕೆಲಸ ತಪ್ಪಿತೆಂದು ಮನೆಗೆ ಹೋಗುವವರೇ ಎಲ್ಲರೂ. ಆದ್ದರಿಂದ ಜ್ಯೂರಿ ಪ್ರಮಾಣವಚನ ಸ್ವೀಕರಿಸುವ ಮೊದಲು ಎದ್ದು ನಿಂತು ಆಕ್ಷೇಪಿಸುವ ಆರೋಪಿಯ ವಕೀಲರ ಮೇಲೆಯೇ ನಿಮ್ಮ ಹಕ್ಕೂ ನಿಂತಿದೆ.

ನಿಮ್ಮನ್ನು ಮಾತೃಭಾಷೆ ಕೇಳಿ ಕಳುಹಿಸಿದ್ದು ಇನ್ನೂ ನವಿರಾದ ವಿಷಯ. ಇಂಗ್ಲಿಷ್ ಅರ್ಥವಾಗದವರು ಅಲ್ಲಿ ಜ್ಯೂರಿಗೆ ಅರ್ಹರಲ್ಲ, ಅದು ಬೇರೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರ ಮನೆಮಾತು ಇನ್ನೊಂದಾದರೆ? 1991ರ ಹೆರ್ನಾಂಡೆಸ್ ಪ್ರಕರಣದಲ್ಲಿ ನ್ಯೂಯಾರ್ಕಿನ ಸರ್ಕಾರಿ ವಕೀಲರು ಸ್ಪ್ಯಾನಿಷ್ ಬಲ್ಲ ಅಭ್ಯರ್ಥಿಗಳನ್ನು ತೆಗೆದರು. ಸಾಕ್ಷಿ ಸ್ಪ್ಯಾನಿಷಿನಲ್ಲಿ ಹೇಳುತ್ತಾನೆ, ದುಭಾಷಿಯ ಇಂಗ್ಲಿಷನ್ನೇ ಅಂತಿಮವೆಂದು ಒಪ್ಪುತ್ತೀರಾ ಎಂದು ಕೇಳಿದಾಗ ಇವರು ತಡವರಿಸಿದರು, ಮುಖ ತಿರುಗಿಸಿದರು ಎಂಬುದು ಕಾರಣ. ಸುಪ್ರೀಂ ಕೋರ್ಟ್ ಆ ಕಾರಣವನ್ನು ಒಪ್ಪಿತು. ಕೆಲವು ಸಮುದಾಯಗಳ ವಿಷಯದಲ್ಲಿ ಭಾಷೆಯೇ ಜನಾಂಗದ ಗುರುತಾಗಿ ಬಳಕೆಯಾಗಬಹುದೆಂಬ ಮಾತನ್ನೂ ಆ ತೀರ್ಪು ಬಿಡಲಿಲ್ಲ. ಕನ್ನಡದ ಸಾಕ್ಷಿಯ ಮಾತು ತಪ್ಪಾಗಿ ಇಂಗ್ಲಿಷಿಗೆ ಬಂದಾಗ ನಿಮ್ಮ ಕಿವಿ ಮೂಲವನ್ನೇ ಕೇಳಿರುತ್ತದೆ, ಅದನ್ನು ಕೇಳಲಿಲ್ಲವೆಂದು ಹೇಗೆ ಇರುತ್ತೀರಿ? ಆ ಪ್ರಶ್ನೆಗೆ ತಡವರಿಸುವವರು ಪ್ರಾಮಾಣಿಕರೇ ಎಂದು ನನಗೆ ಅನಿಸುತ್ತದೆ. ನಿಮ್ಮ ಪ್ರಕರಣದಲ್ಲಿ ಕನ್ನಡದ ಸಾಕ್ಷಿಯಂತೂ ಇದ್ದಿರಲಾರದು. ಹಾಗಾಗಿ ಭಾಷೆಯೇ ಕಾರಣವಾಗಿದ್ದರೆ ಅದಕ್ಕೆ ಇಷ್ಟು ಆಧಾರವೂ ಇರಲಿಲ್ಲ.

ಕೆಲವು ರಾಜ್ಯಗಳು ಇದನ್ನು ನೇರವಾಗಿಯೇ ಹಿಡಿದಿವೆ. ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ 2018ರಲ್ಲಿ ಸಾಮಾನ್ಯ ನಿಯಮ 37 ಎಂಬುದನ್ನು ತಂದಿತು. ವಕೀಲರ ಮನಸ್ಸಿನಲ್ಲಿ ಭೇದಭಾವದ ಉದ್ದೇಶವಿತ್ತೇ ಎಂಬ ಪ್ರಶ್ನೆಯನ್ನೇ ಅದು ಬದಿಗಿಟ್ಟಿತು. ಅರಿವಿಲ್ಲದ ಪೂರ್ವಗ್ರಹಗಳೂ ಇರುತ್ತವೆಂದು ಬಲ್ಲ ನಿಷ್ಪಕ್ಷಪಾತಿಯೊಬ್ಬರು ನೋಡಿದರೆ ಇಲ್ಲಿ ಜನಾಂಗವೂ ಒಂದು ಅಂಶವೆಂದು ಕಾಣಬಹುದೇ, ಹಾಗಿದ್ದರೆ ಸ್ಟ್ರೈಕ್ ನಡೆಯದು. ಪೊಲೀಸರ ಮೇಲೆ ನಂಬಿಕೆ ಇಲ್ಲವೆಂದದ್ದು, ನೆಂಟರಲ್ಲಿ ಯಾರೋ ಬಂಧನಕ್ಕೊಳಗಾದದ್ದು, ಅಪರಾಧ ಹೆಚ್ಚಿರುವ ಬಡಾವಣೆಯಲ್ಲಿ ವಾಸಿಸುವುದು ಮುಂತಾಗಿ ಹಿಂದಿನಿಂದ ಬಳಕೆಯಾಗುತ್ತ ಬಂದ ಕಾರಣಗಳನ್ನು ಪಟ್ಟಿ ಮಾಡಿ, ಅವು ಮೇಲುನೋಟಕ್ಕೇ ಅಸಿಂಧು ಎಂದಿತು. ಆ ಪಟ್ಟಿಯಲ್ಲಿ ಇಂಗ್ಲಿಷ್ ಮಾತೃಭಾಷೆಯಲ್ಲ ಎಂಬುದೂ ಇದೆ. ಕ್ಯಾಲಿಫೋರ್ನಿಯಾ 2020ರಲ್ಲಿ ಇದೇ ಜಾಡಿನ ಕಾನೂನು ಮಾಡಿತು. ಅರಿಜೋನಾ ಇನ್ನೂ ಮುಂದೆ ಹೋಗಿ 2022ರ ಜನವರಿ 1ರಿಂದ ಸ್ಟ್ರೈಕ್ ಪದ್ಧತಿಯನ್ನೇ ತೆಗೆದುಹಾಕಿತು. ಅಲ್ಲಿ ಕಾರಣ ತೋರಿಸದೆ ಯಾರನ್ನೂ ಎಬ್ಬಿಸುವಂತಿಲ್ಲ. ಈ ಪದ್ಧತಿಯ ತವರಾದ ಇಂಗ್ಲೆಂಡ್ 1988ರ ಕಾನೂನಿನಲ್ಲಿಯೇ ಇದನ್ನು ಬಿಟ್ಟಿತು, ಕೆನಡಾ 2019ರಲ್ಲಿ.

ಬ್ಯಾಟ್ಸನ್ ತೀರ್ಪಿನ ದಿನವೇ ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್ ಬಹುಮತದ ಜೊತೆಗಿದ್ದುಕೊಂಡೇ, ಇದರಿಂದ ಭೇದಭಾವ ನಿಲ್ಲದು, ಸ್ಟ್ರೈಕ್ ಪದ್ಧತಿಯನ್ನೇ ಕೊನೆಗೊಳಿಸಿದರೆ ಮಾತ್ರ ನಿಂತೀತು ಎಂದು ಬರೆದಿದ್ದರು. ಆ ಮಾತು ಸರಿಯೆಂದೇ ನಾನೂ ಬಹುಮಟ್ಟಿಗೆ ನಂಬುತ್ತೇನೆ. ಬಹುಮಟ್ಟಿಗೆ ಎಂದದ್ದಕ್ಕೆ ಕಾರಣವಿದೆ. ಆರೋಪಿಗಳ ಪರ ದುಡಿಯುವ ಅನೇಕ ವಕೀಲರು ಸ್ಟ್ರೈಕ್ ಬೇಕೆನ್ನುತ್ತಾರೆ, ಏಕೆಂದರೆ ಜನಾಂಗದ್ವೇಷವನ್ನು ಒಳಗಿಟ್ಟುಕೊಂಡು ‘ನಾನು ನಿಷ್ಪಕ್ಷಪಾತಿ’ ಎಂದು ಬಾಯಲ್ಲಿ ಹೇಳುವ ಅಭ್ಯರ್ಥಿಯನ್ನು ಹೊರಗಿಡಲು ಅವರಿಗಿರುವ ದಾರಿ ಅದೊಂದೇ. ಈ ಅಂಜಿಕೆ ಹುಸಿಯಲ್ಲ. ಹಾಗಾಗಿ ಸ್ಟ್ರೈಕ್ ಹೋದಲ್ಲಿ, ಕಾರಣ ಕೊಟ್ಟು ಮಾಡುವ ಆಕ್ಷೇಪವನ್ನು ನ್ಯಾಯಾಧೀಶರು ಈಗಿಗಿಂತ ಉದಾರವಾಗಿ ಒಪ್ಪಬೇಕಾಗುತ್ತದೆ, ಅಭ್ಯರ್ಥಿಗಳನ್ನು ಇನ್ನಷ್ಟು ವಿವರವಾಗಿ ಪ್ರಶ್ನಿಸಲು ಸಮಯ ಕೊಡಬೇಕಾಗುತ್ತದೆ.

ಭಾರತದಲ್ಲಿ ಇಂದು ಕ್ರಿಮಿನಲ್ ಪ್ರಕರಣಗಳಲ್ಲಿ ಜ್ಯೂರಿ ಇಲ್ಲ, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ. ಆದರೂ ಈ ವಿಷಯ ನಮಗೆ ಪರಕೀಯವಲ್ಲ. 1883ರ ಇಲ್ಬರ್ಟ್ ಮಸೂದೆ ಭಾರತೀಯ ನ್ಯಾಯಾಧೀಶರು ಐರೋಪ್ಯ ಆರೋಪಿಗಳನ್ನು ವಿಚಾರಣೆ ಮಾಡಬಹುದೆಂದಾಗ ಬಿಳಿಯರು ಗದ್ದಲ ಎಬ್ಬಿಸಿದರು. ಮರುವರ್ಷದ ರಾಜಿಯಲ್ಲಿ, ಅಂಥ ಆರೋಪಿಗಳು ಅರ್ಧಕ್ಕೆ ಕಡಿಮೆಯಿಲ್ಲದಂತೆ ಐರೋಪ್ಯರು ಅಥವಾ ಅಮೆರಿಕನ್ನರು ಇರುವ ಜ್ಯೂರಿಯನ್ನು ಕೇಳಿ ಪಡೆಯಬಹುದಾಯಿತು.

ಕೊನೆಯದಾಗಿ ಮತ್ತೆ ಕರೆ ಬಂದರೆ ಏನು ಮಾಡಬೇಕೆಂಬುದು. ಹೋಗಲೇಬೇಕು, ಅದು ಕಾನೂನಿನ ಕಡ್ಡಾಯ. ಅಲ್ಲಿ ನೀವೇ ಬ್ಯಾಟ್ಸನ್ ಆಕ್ಷೇಪ ಎತ್ತಲಾಗದು, ಎತ್ತಬೇಕಾದವರು ವಕೀಲರು. ನಿಮ್ಮ ಕೈಯಲ್ಲಿರುವುದು ದಾಖಲೆ. 2008ರ ಸ್ನೈಡರ್ ಪ್ರಕರಣ ನೋಡಿ. ಲೂಯಿಸಿಯಾನಾದಲ್ಲಿ ಕಪ್ಪು ಜನಾಂಗದ ಕಾಲೇಜು ವಿದ್ಯಾರ್ಥಿಯೊಬ್ಬರು, ಜ್ಯೂರಿಯಲ್ಲಿ ಕೂತರೆ ತಮ್ಮ ಬೋಧನಾ ತರಬೇತಿ ತಪ್ಪುತ್ತದೆ ಎಂದು ಚಿಂತೆ ಹೇಳಿಕೊಂಡರು. ನ್ಯಾಯಾಧೀಶರ ಸಹಾಯಕರು ಆಗಲೇ ಅವರ ಡೀನ್‌ಗೆ ಫೋನ್ ಮಾಡಿ ಕೇಳಿದರು, ತರಬೇತಿಯನ್ನು ಆಮೇಲೆ ಸರಿದೂಗಿಸಬಹುದು ಎಂಬ ಉತ್ತರ ಬಂತು, ವಿದ್ಯಾರ್ಥಿಯೂ ಮತ್ತೆ ತಕರಾರು ಹೇಳಲಿಲ್ಲ. ಆದರೂ ಅವರು ಗಾಬರಿಯಾಗಿದ್ದಂತೆ ಕಂಡರು, ತರಬೇತಿಯ ಅವಸರವಿತ್ತು ಎಂದು ತೆಗೆದುಹಾಕಿದರು. ಅದಕ್ಕಿಂತ ಹೆಚ್ಚಿನ ಅಡಚಣೆಗಳಿದ್ದ ಬಿಳಿಯರನ್ನು ಉಳಿಸಿಕೊಂಡರು. ಸುಪ್ರೀಂ ಕೋರ್ಟಿನಲ್ಲಿ ಆ ಶಿಕ್ಷೆ ಬಿದ್ದುಹೋದದ್ದು ಆ ಫೋನ್ ಕರೆ, ಆ ಉತ್ತರ, ಉಳಿದವರ ಅಡಚಣೆಗಳೆಲ್ಲ ದಾಖಲೆಯಲ್ಲಿ ಇದ್ದದ್ದರಿಂದ. ಗಾಬರಿಯ ಮಾತಿಗೆ ಮಾತ್ರ ದಾಖಲೆಯಲ್ಲಿ ನ್ಯಾಯಾಧೀಶರ ಒಂದು ಸಾಲಿನ ಆಧಾರವೂ ಇರಲಿಲ್ಲ.

ಆದ್ದರಿಂದ ಮುಂದಿನ ಸಲ ಮಾತೃಭಾಷೆ ಕೇಳಿದರೆ ಕನ್ನಡ ಎಂದು ಹೇಳಿ. ಅದರ ಬೆನ್ನಿಗೇ ಇಂಗ್ಲಿಷನ್ನು ನೀವು ದಿನವೂ ಓದುತ್ತೀರಿ, ಬರೆಯುತ್ತೀರಿ, ಕೆಲಸ ಮಾಡುವುದು ಅದರಲ್ಲಿಯೇ, ಸಾಕ್ಷ್ಯವನ್ನು ಅರ್ಥಮಾಡಿಕೊಳ್ಳಲು ನಿಮಗೆ ಯಾವ ಕಷ್ಟವೂ ಇಲ್ಲ ಎಂಬುದನ್ನೂ ಪೂರ್ತಿ ವಾಕ್ಯದಲ್ಲಿ ಹೇಳಿ. ಪೀಠದ ಕೆಳಗೆ ಕೂತ ಶೀಘ್ರಲಿಪಿಕಾರರು ಕೇಳಿಸಿದ್ದನ್ನು ಮಾತ್ರ ಬರೆದುಕೊಳ್ಳುತ್ತಾರೆ, ತಲೆಯಾಡಿಸಿದ್ದು ದಾಖಲೆಗೆ ಬರುವುದಿಲ್ಲ.